ಅಂಗಿ ತೊಟ್ಟ ಫೋಟೋ

ಬನಹಟ್ಟಿ ಬಸ್ಸು ಬಂದು ನಿಲ್ಲುವ ಜಾಗದ ಎದುರಿಗೇ ಮಧುಮತಿಯ ಗಂಡ ಇದ್ದ. ಒಂಬತ್ತು ವರ್ಷದಿಂದ ಅಲ್ಲಿಯೇ ಇದ್ದಾನೆ. ತಗಡಿನ ಬೋರ್ಡಿನ ಮೇಲೆ, ಗೋಣಿಚೀಲ ಹಾಸಿಕೊಂಡು, ಸೊಂಟದಿಂದ ಮೇಲೆ ಏನೂ ಇಲ್ಲದೆ, ಎಲ್ಲ ಪಕ್ಕೆಲುಬುಗಳನ್ನೂ ಜಮಖಂಡಿಯ ಮಂದಿಗೆ ಬಿಟ್ಟುಕೊಟ್ಟು ಕೂತಿದ್ದಾನೆ. ಕಣ್ಣಿಗೆ ಅಡ್ಡ ಒಂದು ಕಪ್ಪು ಪಟ್ಟಿ. ಬಿಸಿಲಿಗೆ ಮೈಬಣ್ಣ ಹಾರಿ ಹಳದಿಯಾಗಿದೆ, ಪಟ್ಟಿ ಮಾತ್ರ ಇನ್ನೂ ಕಪ್ಪಗೇ ಇದೆ. ಕೆಳಗೆ ಕೆಂಪಕ್ಷರ: ಏಡ್ಸ್, ಎಚ್ಚರ ತಪ್ಪಿದರೆ ಇದೇ ಗತಿ. ಮುಧೋಳದ ಬಸ್‌ಸ್ಟ್ಯಾಂಡಿನಲ್ಲೂ ಇವನೇ, ಬೀಳಗಿಯಲ್ಲೂ ಇವನೇ. ಬೀಳಗಿಯ ಬೋರ್ಡಿನ ಮೇಲೆ ಯಾರೋ ಟ್ಯೂಶನ್ ಕ್ಲಾಸಿನ ಜಾಹೀರಾತು ಅಂಟಿಸಿದ್ದರಿಂದ ಅಲ್ಲಿ ಅವನಿಗೆ ತಲೆಯಷ್ಟೇ ಉಳಿದಿದೆ. ಮಧುಮತಿ ಬೋರ್ಡಿನ ಕಂಬಕ್ಕೆ ಒರಗಿ ನಿಂತಳು. ಕಾಲು ನೋಯುತ್ತಿತ್ತು, ನೆರಳು ಇದ್ದದ್ದೂ ಅಲ್ಲಿ ಮಾತ್ರ. ಮೊದಮೊದಲು ಈ ಬೋರ್ಡು ತಪ್ಪಿಸಲು ಬಸ್‌ಸ್ಟ್ಯಾಂಡಿಗೆ ಹಿಂದಿನ ಗೇಟಿನಿಂದ ಬರುತ್ತಿದ್ದಳು. ಯಾವ ದಿನದಿಂದ ಮುಂದಿನ ಗೇಟಿನಿಂದ ಬರಲು ಶುರು ಮಾಡಿದಳೋ ಅವಳಿಗೇ ನೆನಪಿಲ್ಲ.

ಕಾಲೇಜಿನ ಇಬ್ಬರು ಹುಡುಗಿಯರು, ಉಮಾಶ್ರೀ ಮತ್ತು ರೇಷ್ಮಾ, ಅವಳನ್ನು ಕಂಡು ದುಪಟ್ಟಾ ಸರಿಮಾಡಿಕೊಂಡು ಬಂದರು. "ಮೇಡಮ್ಮರ, ಇವತ್ತ ನಿಮ್ದ ಕ್ಲಾಸ್ ಇಲ್ಲೇನ್ರಿ?" ಎಂದಳು ರೇಷ್ಮಾ. ರಜೆ ಹಾಕಿದ್ದೇನೆ ಎಂದಳು ಮಧುಮತಿ. ಅವಳು ಆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಸಮಾಜಶಾಸ್ತ್ರ ಹೇಳುತ್ತಾಳೆ. ಅಷ್ಟರಲ್ಲಿ ಆಚೆಯಿಂದ ಅವರದೇ ತರಗತಿಯ ಮಹಾಲಿಂಗ ಎಂಬ ಸಣಕಲ ಹುಡುಗ ಬಂದ. ಉಮಾಶ್ರೀ ಬಾಯಿಗೆ ಕೈ ಅಡ್ಡ ಹಿಡಿದು, "ಬಂದ ನೋಡ ಬಸ್‌ಸ್ಟ್ಯಾಂಡ್" ಎಂದಳು. ಇಬ್ಬರೂ ನಕ್ಕರು. ಹುಡುಗನೂ ನಕ್ಕ, ಅವನಿಗೆ ರೂಢಿಯಾಗಿತ್ತು. ತರಗತಿಯಲ್ಲಿ ಸಣಕಲರಿಗೆಲ್ಲ ಅದೇ ಹೆಸರು ಎಂಬುದು ಮಧುಮತಿಗೆ ಗೊತ್ತಿತ್ತು. "ಖರೆ ಹೇಳ್ತೇನ್ರಿ ಮೇಡಮ್ಮರ, ಈ ಬೋರ್ಡ್ ಕಿತ್ತ ಒಗೀಬೇಕು. ಇದರ ಮುಂದ ನಿಂತು ಶೇಂಗಾ ಸೈತ ತಿನ್ನಾಕ ಆಗೂದಿಲ್ಲ," ಎಂದಳು ರೇಷ್ಮಾ. ಮಧುಮತಿ ಬಸ್ಸು ಬರುವ ದಿಕ್ಕಿಗೆ ನೋಡಿದಳು. ಹುಡುಗಿಯರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟನ್ನು ಅವಳು ಹಾಗೆಲ್ಲ ಖರ್ಚು ಮಾಡುತ್ತಿರಲಿಲ್ಲ, ಒಬ್ಬನಿಗಾಗಿ ಇಟ್ಟುಕೊಂಡಿದ್ದಳು.

ಅವಳಿಗೂ ಅದೇ ರೋಗ ಇದೆ. ದಿನಕ್ಕೊಂದು ಮಾತ್ರೆ, ಬೆಳಿಗ್ಗೆ ರೊಟ್ಟಿ ತಿಂದ ಮೇಲೆ. ತಿಂಗಳಿಗೊಮ್ಮೆ ಮಾತ್ರೆ ತರಲು ಹೋದಾಗ ತೂಕ ನೋಡುವ ನರ್ಸು, "ಅರವತ್ತೆರಡ ದಾಟಿದ್ರೆಲ್ಲ, ಸ್ವಲ್ಪ ಅನ್ನಾ ಕಡಿಮಿ ಮಾಡ್ರಿ" ಎನ್ನುತ್ತಾಳೆ. ಮೈಕೈ ತುಂಬಿಕೊಂಡ, ಸ್ಟಿಕರ್ ಕುಂಕುಮ ಹಚ್ಚಿಕೊಂಡ, ಕರಿಹಲಗೆಯ ಮೇಲೆ ಚೆಂದದ ಅಕ್ಷರ ಬರೆಯುವ ಮೇಡಮ್ಮನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಆ ರೋಗ ಅಂದರೆ ಪಕ್ಕೆಲುಬು, ಗೋಣಿಚೀಲ, ಕರಿ ಪಟ್ಟಿ. ಈ ನಾಲ್ಕು ತಾಲೂಕಿಗೆ ಅಷ್ಟು ಗೊತ್ತು. ಗಂಡನ ಆ ಫೋಟೋ ಅವಳನ್ನು ಒಂಬತ್ತು ವರ್ಷ ಕಾಪಾಡಿದೆ. ಗಂಡ ಕಾಮಾಲೆಯಿಂದ ಹೋದ ಎಂದು ಕಾಲೇಜಿನಲ್ಲಿ ಹೇಳಿದ್ದಾಳೆ, ಎಲ್ಲರೂ ನಂಬಿದ್ದಾರೆ. ತನ್ನನ್ನು ಬಚ್ಚಿಟ್ಟುಕೊಂಡದ್ದು ಅವನ ಬತ್ತಲೆ ಎದೆಯ ಹಿಂದೆ ಎಂಬ ಯೋಚನೆ ಬಂದಾಗ ಅವಳು ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವಳಂತೆ ಎದ್ದು ಒಳಗೆ ಹೋಗಿಬಿಡುತ್ತಾಳೆ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಚೀಲದಲ್ಲಿ ಒಂದು ಅರ್ಜಿ ಇತ್ತು. ಹದಿನೈದು ದಿನದ ಹಿಂದೆ ಬೆಂಗಳೂರಿನಿಂದ ಕಾಂಚನಾ ಎಂಬಾಕೆ ಫೋನ್ ಮಾಡಿದ್ದಳು. ಡಿಸೆಂಬರ್ ಒಂದಕ್ಕೆ, ಏಡ್ಸ್ ದಿನದಂದು, ಜಮಖಂಡಿಯಲ್ಲಿ ಒಂದು ಫೋಟೋ ಪ್ರದರ್ಶನ, ಅಲ್ಲಿಂದ ಬೇರೆ ಜಿಲ್ಲೆಗಳಿಗೆ, ಆಮೇಲೆ ಪುಸ್ತಕ. ಬನಹಟ್ಟಿಯ ಹಿರಿಯ ಛಾಯಾಗ್ರಾಹಕ ಶಿದ್ರಾಮಪ್ಪನವರಿಗೆ ಅಂದೇ ಸನ್ಮಾನ. ಅವರು ತೆಗೆದ ಆ ಪ್ರಸಿದ್ಧ ಚಿತ್ರವೇ ಮೊದಲ ಗೋಡೆಗೆ. "ಈಗ ಪದ್ಧತಿ ಬದಲಾಗಿದೆ ಮೇಡಂ. ಕುಟುಂಬದವರ ಸಹಿ ಇಲ್ಲದೆ ನಾವು ಯಾರ ಚಿತ್ರವನ್ನೂ ತೋರಿಸುವುದಿಲ್ಲ," ಎಂದಿದ್ದಳು. ಒಂಬತ್ತು ವರ್ಷ ತೋರಿಸಿದ್ದಾರಲ್ಲ ಎಂದಿದ್ದಳು ಮಧುಮತಿ. "ಅದು ನಾವಲ್ಲ ಮೇಡಂ," ಎಂದು ಆ ದನಿ ನಿಜವಾಗಿಯೂ ನೊಂದುಕೊಂಡಿತು. ಅರ್ಜಿಯಲ್ಲಿ ಎರಡು ಸಹಿ ಬೇಕು, ಒಂದು ಮನೆಯವರದು, ಇನ್ನೊಂದು ಫೋಟೋ ತೆಗೆದವರದು. ಅರ್ಜಿಯನ್ನು ಪೋಸ್ಟಿನಲ್ಲಿ ತರಿಸಿಕೊಂಡು, ಶಿದ್ರಾಮಪ್ಪನವರ ಹತ್ತಿರ ನಾನೇ ಹೋಗುತ್ತೇನೆ ಎಂದಿದ್ದಳು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೈ ಬೆಚ್ಚಗಿತ್ತು. ಆ ಶಿದ್ರಾಮಪ್ಪನಿಗೆ ತನ್ನಿಂದ ಏನಾದರೂ ಬೇಕಾಗಲಿ ಎಂದು ಅವಳು ಕಾದಿದ್ದಳು. ಅವನ ಮೈಮೇಲಿನ ಬಟ್ಟೆ ಬಿಚ್ಚಿಸಿ, ಆ ದೊಡ್ಡ ಹೊಟ್ಟೆಯನ್ನು ಬನಹಟ್ಟಿಯ ಚೌಕದಲ್ಲಿ ತೂಗುಹಾಕಿಸಿ, ಕೆಳಗೆ ಕೆಂಪಕ್ಷರದಲ್ಲಿ ಏನು ಬರೆಸಬೇಕೆಂದು ಪಾತ್ರೆ ತಿಕ್ಕುವಾಗ, ಪೇಪರ್ ತಿದ್ದುವಾಗ, ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗ ಯೋಚಿಸಿದ್ದಳು. ವಾಕ್ಯ ಮಾತ್ರ ಒಮ್ಮೆಯೂ ಸರಿಯಾಗಿ ಬಂದಿರಲಿಲ್ಲ.

ಫೋಟೋ ತೆಗೆದ ದಿನ ಅವಳ ಗಂಡ ಪರಮಾನಂದ ದಾಡಿ ಮಾಡಿಕೊಂಡಿದ್ದ. ತೇರದಾಳದ ಮನೆಯಲ್ಲಿ, ಮಂಚದ ಮೇಲೆ ಕೂತು, ಗೋಡೆಗೆ ಕನ್ನಡಿ ಒರಗಿಸಿಕೊಂಡು, ನಡುನಡುವೆ ದಣಿವಾರಿಸಿಕೊಂಡು ಅರ್ಧ ತಾಸು. ಫೋಟೋ ತೆಗೆಯುವವರು ಬರುತ್ತಾರೆಂದು ಹೇಳಿದ್ದರಲ್ಲ. ಅವನ ಪಾಲಿಗೆ ಫೋಟೋ ಅಂದರೆ ಫೋಟೋ. ಮದುವೆಯ ಮಾರನೆಯ ದಿನ ತೊಟ್ಟ ಬಿಳಿ ಅಂಗಿಯನ್ನು ಟ್ರಂಕಿನಿಂದ ತೆಗೆಸಿ, ಹಿಂದಿನ ದಿನವೇ ಇಸ್ತ್ರಿ ಮಾಡಿಸಿದ್ದ. ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ತೂಕದ ಗುಮಾಸ್ತನಾಗಿದ್ದಾಗಿನಿಂದಲೂ ಅವನಿಗೆ ಅಂಗಿಯ ಮಡಿಕೆ ಮುರಿಯಬಾರದು. ಮಾತ್ರೆ ತರಲು ಸಾಲಿನಲ್ಲಿ ನಿಂತರೆ ಕಾರ್ಖಾನೆಯವರು ಯಾರಾದರೂ ನೋಡುತ್ತಾರೆಂದು ಮಾತ್ರೆಯನ್ನೇ ಬಿಟ್ಟವನು ಅವನು. ರೋಗ ಏರಿದ ಮೇಲೆ ಹುಬ್ಬಳ್ಳಿಯಿಂದ ಬೇರೆ ಮಾತ್ರೆ ಬರಬೇಕಿತ್ತು. ಅಲ್ಲಿಗೆ ರೋಗಿಯ ಫೋಟೋ ಹೋದರೆ ಮಾತ್ರೆ ಬೇಗ ಬರುತ್ತದೆ ಎಂದು ಶಿದ್ರಾಮಪ್ಪ, ಯಾವುದೋ ಸಂಸ್ಥೆಯ ಒಬ್ಬನನ್ನು ಕರೆದುಕೊಂಡು ಬಂದು ಹೇಳಿದ್ದ. ಪರಮಾನಂದ ಕಾಲರಿನ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, "ಮೊದಲ ಮನಿಗೊಂದ ತಗೀರಿ ಶಿದ್ರಾಮಣ್ಣಾ, ಆಮ್ಯಾಲ ನಿಮಗ ಹೆಂಗ ಬೇಕೋ ಹಂಗ" ಎಂದ. ಮನೆಗೊಂದು ಅಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅತ್ತೆ ಕಸ್ತೂರೆವ್ವ ಒಳಗೆ ಹೋದಳು. ಶಿದ್ರಾಮಪ್ಪ ತೆಗೆದ. ಆಮೇಲೆ ಪರಮಾನಂದ ಅಂಗಿಯಿಲ್ಲದೆ ಗೋಣಿಚೀಲದ ಮೇಲೆ ಇದ್ದ. ಮಧುಮತಿಯ ನೆನಪಿನಲ್ಲಿ ಅವೆರಡರ ನಡುವೆ ಏನೂ ಇಲ್ಲ. ಅಂಗಿ ಇತ್ತು, ಅಂಗಿ ಇರಲಿಲ್ಲ.

ಮಾತ್ರೆ ಬಂದಾಗ ಅವನು ಹೋಗಿ ಹತ್ತೊಂಬತ್ತು ದಿನವಾಗಿತ್ತು. ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಮನೆಮಂದಿ ಸುತ್ತ ಕೂತು ಕೊನೆಯದೊಂದು ಫೋಟೋ ತೆಗೆಸುವುದು ಅವರ ಕಡೆ ರೂಢಿ. ಕಸ್ತೂರೆವ್ವ ಬನಹಟ್ಟಿಗೆ ಹೇಳಿ ಕಳಿಸಿ ಮೂರು ತಾಸು ಕಾಯಿಸಿದಳು. ಕ್ಯಾಮರಾ ಕೆಟ್ಟಿದೆ ಎಂದು ಶಿದ್ರಾಮಪ್ಪನಿಂದ ಸುದ್ದಿ ಬಂತು. ಅದೇ ಕ್ಯಾಮರಾದ ಫೋಟೋ ಎರಡು ತಿಂಗಳಿಗೆ ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿತು. ಕರಿ ಪಟ್ಟಿಯಿಂದ ಏನು ಮುಚ್ಚಿತು? ತೇರದಾಳದ ಮಂದಿಗೆ ಗುರುತು ಹಿಡಿಯಲು ಗಲ್ಲ ಸಾಕಿತ್ತು, ಹಿಂದಿನ ಗೋಡೆಯ ಗೂಡು ಸಾಕಿತ್ತು. ಹಿತ್ತಲ ಮನೆಯ ಯಲ್ಲಕ್ಕನಿಗೂ ಅದೇ ರೋಗ, ಅವಳು ಮಾತ್ರೆ ತಿಂದು ಚೆನ್ನಾಗಿಯೇ ಇದ್ದಳು. ಬೋರ್ಡು ನೋಡಿ ಬಂದವಳು ಕಟ್ಟೆಯ ಮೇಲೆ ಕೂತು, "ಕಡೀಕ ಇದ ಆಗೂದಾದ್ರ ಗುಳಗಿ ಯಾಕ ನುಂಗೂದ ಬೇ ಮಧು?" ಎಂದು ಕೇಳಿದಳು. ನುಂಗುವುದು ಬಿಟ್ಟಳು. ಮುಂದಿನ ಬೇಸಿಗೆಗೆ ಅವಳೂ ಇರಲಿಲ್ಲ. ಅಂಗಿ ತೊಟ್ಟ ಫೋಟೋವನ್ನು ಶಿದ್ರಾಮಪ್ಪ ಮನೆಗೆ ಕೊಡಲೇ ಇಲ್ಲ. ಗೋಡೆಗೆ ಬೇರೆ ಸ್ಟುಡಿಯೋದವನು ಮದುವೆಯ ಗುಂಪಿನ ಫೋಟೋದಿಂದ ಪರಮಾನಂದನ ತಲೆ ತೆಗೆದು ಯಾರದೋ ಕೋಟಿನ ಮೇಲೆ ಕೂರಿಸಿ ಕೊಟ್ಟ. ಕಸ್ತೂರೆವ್ವ ಇವತ್ತಿಗೂ ಅದಕ್ಕೆ ಊದಿನಕಡ್ಡಿ ಹಚ್ಚುವಾಗ ಗೊಣಗುತ್ತಾಳೆ, "ಇವ ಯಾರೋ ಸಾಹೇಬ ಅದಾನ. ನನ್ನ ಮಗಾ ಅಲ್ಲ."

ಬನಹಟ್ಟಿಯಲ್ಲಿ ಶಿದ್ರಾಮಪ್ಪನ ಸ್ಟುಡಿಯೋದ ಪಕ್ಕದ ಗೋಡೆಯಾಚೆ ವಿದ್ಯುತ್ ಮಗ್ಗಗಳು ಬಡಿಯುತ್ತಿದ್ದವು. ಬಾಗಿಲ ಗಾಜು ಆ ಬಡಿತಕ್ಕೆ ಸಣ್ಣಗೆ ನಡುಗುತ್ತಿತ್ತು. ಜಮಖಂಡಿ ಕಾಲೇಜಿನಿಂದ ಅವಳು ಬರುತ್ತಾಳೆಂದು ಕಾಂಚನಾ ಮೊದಲೇ ತಿಳಿಸಿದ್ದಳು, ಶಿದ್ರಾಮಪ್ಪ ಕುರ್ಚಿಯಿಂದ ಎದ್ದು ಬಂದ. ಕೂದಲಿಗೆ ಕಪ್ಪು ಹಚ್ಚಿದ್ದ, ಎಡಗಾಲಿಗೆ ಬ್ಯಾಂಡೇಜಿತ್ತು, ಅವಳು ಒಂಬತ್ತು ವರ್ಷದಿಂದ ಮನಸ್ಸಿನಲ್ಲಿ ಬೆಳೆಸಿದಷ್ಟು ಹೊಟ್ಟೆ ಇರಲಿಲ್ಲ. ಅವಳಿಗೆ ಅದು ಮೋಸ ಎನ್ನಿಸಿತು. "ಬರ್ರಿ ಬರ್ರಿ ತಂಗೆವ್ವಾ. ಗುರುತ ಹತ್ತಲಿಲ್ಲ ನೋಡ್ರಿ!" ಎಂದ. ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಇಷ್ಟು ಹೊತ್ತಿಗೆ ಸತ್ತಿರಬೇಕಾದವಳು ಚಪ್ಪಲಿ ಬಿಟ್ಟು ಒಳಗೆ ಬಂದಿದ್ದಾಳೆ ಎಂಬ ನೋಟ ಅದು. "ನೀವು... ಆರಾಮ ಅದೀರೆಲ್ಲ?" ಆರಾಮ ಇದ್ದೇನೆ ಎಂದಳು. "ಎಷ್ಟ ಛಲೋ ಆಗೀರಿ! ಅಲ್ರಿ, ಖರೇನ ಛಲೋ ಆಗೀರಿ." ಅವನಿಗೆ ನಿಜವಾಗಿಯೂ ಸಂತೋಷವಾದಂತಿತ್ತು, ಅದು ಅವಳ ಎಣಿಕೆಯಲ್ಲಿ ಇರಲಿಲ್ಲ. ಹಿಂದಿನ ಬಾಗಿಲಿಗೆ ಮುಖ ಮಾಡಿ ಕೂಗಿದ, "ಏ ಇವಳ, ಜಮಖಂಡಿ ಕಾಲೇಜಿನ ಅಕ್ಕಾರ ಬಂದಾರ, ಚಾ ತಾ."

ಚಹಾ ತಂದವಳು ಅವನ ಹೆಂಡತಿ ತಾರವ್ವ. ದೊಡ್ಡ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು. "ಸಕ್ರಿ ಹಾಕೇನ್ರಿ ಅಕ್ಕಾರ. ಇವರಿಗಿ ಹಾಕೂದಿಲ್ಲ, ಡಾಕ್ಟರ ಬ್ಯಾಡ ಅಂದಾರ. ಹೆಂಡತೀಗಿ ಕಾಣಧಂಗ ಚೌಕದಾಗ ಜಿಲೇಬಿ ತಿಂದ ಬರ್ತಾರ, ಹೆಂಡತಿ ಬಾಳ ಶಾಣ್ಯಾಕಿ, ಮೀಸಿಗಿ ಹತ್ತಿದ್ದ ನೋಡಿ ಹಿಡೀತಾಳ." ಶಿದ್ರಾಮಪ್ಪ ಮೀಸೆ ಒರೆಸಿಕೊಂಡ. "ಸನ್ಮಾನ ಮಾಡ್ತಾರಂತ, ಕೇಳೀರೇನು? ಶಾಲು ಹೊಚ್ಚತಾರಂತ. ನನ್ನ ಸೀರೀದೊಂದ ಚಿಂತಿ ಹತ್ತೇತಿ." ಮಧುಮತಿ ಸ್ಟೀಲಿನ ಗ್ಲಾಸು ಹಿಡಿದು ಒಂದು ಗುಟುಕು ಕುಡಿದಳು. ಯಾರು ತಾನು ಎಂದು ಹೇಳದೆ ಬರೀ ಅಕ್ಕಾರ ಎಂದು ಅವನು ಯಾಕೆ ಹೇಳಿದ ಎಂದು ಯೋಚಿಸಿದಳು. ದಾಕ್ಷಿಣ್ಯವೋ, ಗೊತ್ತಾದರೆ ಹೆಂಡತಿ ಮನೆಯ ಗ್ಲಾಸು ಕೊಡಲಿಕ್ಕಿಲ್ಲ ಎಂಬ ಚಿಂತೆಯೋ. ತಾರವ್ವ ಒಳಗೆ ಹೋದ ಮೇಲೆ ಅರ್ಜಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿದಳು.

"ಸಹಿ ಮಾಡ್ತೇನ್ರಿ. ಅದಕಿಂತ ಮೊದಲ ಇನ್ನೊಂದ ಫೋಟೋ ಬೇಕು. ಅಂಗಿ ಹಾಕ್ಕೊಂಡದ್ದು."

ಶಿದ್ರಾಮಪ್ಪನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಕಪಾಟಿನ ಕಡೆ ನೋಡಿದ. "ಅದು ಐತೋ ಇಲ್ಲೋ..." "ಮದವಿ ಫೋಟೋ ಇಪ್ಪತ್ತ ವರ್ಷ ಇಟ್ಟಿರತೀರಿ. ಇದನ್ನೂ ಇಟ್ಟಿರತೀರಿ," ಎಂದಳು. ಅವನು ಹಳೆಯ ಹಾರ್ಡ್ ಡಿಸ್ಕುಗಳ ಡಬ್ಬಿ ತೆಗೆದ. ಒಂದೊಂದನ್ನೇ ಕಂಪ್ಯೂಟರಿಗೆ ಹಚ್ಚಿ ನೋಡುತ್ತ ಹೋದ. ಬಾಡಗಂಡಿ ಮದವಿ. ಸುಂದರವ್ವ ಕುಬಸ. ಅನಗವಾಡಿ ವಾಸ್ತುಶಾಂತಿ. ಹೆಸರುಗಳ ಸಾಲು ಉರುಳುತ್ತಿತ್ತು. ಮಧುಮತಿ ಕಾದಳು. ಈ ಫೋಟೋ ಸಿಕ್ಕರೆ ಏನು ಮಾಡುತ್ತಾಳೆಂಬುದು ಅವಳಿಗೆ ಅಕ್ಷರಕ್ಷರವಾಗಿ ಗೊತ್ತಿತ್ತು. ಒಂದು ಪ್ರತಿ ಕಸ್ತೂರೆವ್ವನಿಗೆ. ಇನ್ನೊಂದು ಪ್ರದರ್ಶನದ ಮೊದಲ ಗೋಡೆಗೆ, ಆ ಫೋಟೋದ ಪಕ್ಕಕ್ಕೆ. ಒಂದೇ ಮನುಷ್ಯ, ಒಂದೇ ದಿನ, ಒಂದೇ ಮಂಚ. ಊರು ಒಂಬತ್ತು ವರ್ಷ ಹೆದರಿಕೊಂಡದ್ದು ಯಾವುದಕ್ಕೆ ಎಂದು ಊರಿಗೆ ಕಾಣಲಿ. ಶಾಲು ಹೊದ್ದು ನಿಂತವನ ಹಿಂದೆ ಅದು ಇರಲಿ. ಆ ಸಂಜೆ ಅವನ ಮುಖ ಹೇಗಾಗುತ್ತದೆ ಎಂಬುದೊಂದೇ ಅವಳಿಗೆ ಬೇಕಾಗಿದ್ದ ಫೋಟೋ.

'ತೇರದಾಳ ಏಡ್ಸ್' ಎಂಬ ಹೆಸರು ಬಂತು. ಶಿದ್ರಾಮಪ್ಪ ಅವಳ ಕಡೆ ನೋಡದೆ ಅದನ್ನು ತೆರೆದ.

ಪರಮಾನಂದ ಕಂಪ್ಯೂಟರಿನ ತುಂಬ ಕೂತಿದ್ದ. ಬಿಳಿ ಅಂಗಿ, ತೋಳಿನ ಮೇಲೆ ಇಸ್ತ್ರಿಯ ಗೆರೆ, ಕಾಲರಿನ ಗುಂಡಿ ಹಾಕಿದೆ. ಅಂಗಿಯೊಳಗೆ ಮೈ ಎಷ್ಟಿದೆ ಎಂದು ಗೊತ್ತಾಗದಂತೆ ಮೊಣಕೈಗಳನ್ನು ತುಸು ದೂರ ಹಿಡಿದಿದ್ದಾನೆ. ಗಲ್ಲದ ಮೇಲೆ ದಾಡಿಯ ಸಣ್ಣದೊಂದು ಗಾಯ. ಕಣ್ಣುಗಳಿವೆ. ಅವಳು ಆ ಕಣ್ಣುಗಳನ್ನು ಮರೆತಿದ್ದಳು. ಒಂಬತ್ತು ವರ್ಷದಲ್ಲಿ ಅವುಗಳ ಜಾಗದಲ್ಲಿ ಪಟ್ಟಿ ಕೂತುಬಿಟ್ಟಿತ್ತು, ಕನಸಿನಲ್ಲೂ ಅವನು ಪಟ್ಟಿ ಕಟ್ಟಿಕೊಂಡೇ ಬಂದು ಊಟಕ್ಕೆ ಕೂರುತ್ತಿದ್ದ. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ. ಒಳಗೆ ಎಲ್ಲೋ ನೀರು ನಿಂತುಹೋದ ನಲ್ಲಿಯ ಹಾಗೆ ಒಂದು ಸದ್ದಾಯಿತು, ಅಷ್ಟೆ. "ಇದರ ಪಕ್ಕಕ್ಕೆ ಆ ಇನ್ನೊಂದನ್ನ ಇಡ್ರಿ," ಎಂದಳು. ಅವನು ಎರಡನ್ನೂ ಅಕ್ಕಪಕ್ಕ ಮಾಡಿದ.

ತಾರವ್ವ ಗ್ಲಾಸು ಒಯ್ಯಲು ಬಂದವಳು ಗಂಡನ ಭುಜದ ಮೇಲಿನಿಂದ ಬಗ್ಗಿ ನೋಡಿದಳು. "ಅಯ್ಯ, ಇವ ಬಸ್‌ಸ್ಟ್ಯಾಂಡಿನ್ಯಾವ ಅಲ್ಲ? ಕಣ್ಣ ಇದ್ರ ಬ್ಯಾರೇನ ಕಾಣ್ತಾನ ನೋಡ. ಈ ಕಡೆ ಇದ್ದಾವ ಯಾರು? ಛಲೋ ಅದಾನ ಹುಡುಗ. ಇವನ ತಮ್ಮ ಏನು?" ಶಿದ್ರಾಮಪ್ಪ ಹಿಂದೆ ತಿರುಗದೆ ಹೇಳಿದ. "ಇಬ್ಬರೂ ಒಬ್ಬನ." "ಸುಳ್ಳ ಹೇಳಬ್ಯಾಡ್ರಿ. ಇಲ್ಲಾ ಅಂದ್ರ ಇದು ರೋಗ ಬರೂಕಿಂತ ಮೊದಲಿಂದಿರಬೇಕು. ಎಷ್ಟ ಸೊರಗಿ ಹ್ವಾದ ಪಾಪ!"

ಶಿದ್ರಾಮಪ್ಪನ ಮುಖ ಬೆಳಗಿತು. ಕುರ್ಚಿಯನ್ನು ಪೂರಾ ಮಧುಮತಿಯ ಕಡೆ ತಿರುಗಿಸಿದ. "ನೋಡ್ರಿ ತಂಗೆವ್ವಾ! ಇಷ್ಟ ವರ್ಷ ನನಗ ಹೊಳೀಲೇ ಇಲ್ಲ. ಎರಡೂ ಹಾಕೂನು. ಅಂದು, ಇಂದು. ಮೊದಲ ಹೆಂಗಿದ್ದ, ರೋಗ ಬಂದ ಮ್ಯಾಲ ಹೆಂಗಾದ. ಮಂದಿ ಎದಿಗಿ ನಾಟತೈತಿ. ಕಾಂಚನಾ ಮೇಡಮ್ಮಾರ ಕುಣದಾಡತಾರ ನೋಡ್ರಿ." ಮೊದಲಿನದಲ್ಲ, ಅದೇ ದಿನದ್ದು ಎಂದಳು ಮಧುಮತಿ. ಅವಳ ದನಿ ತರಗತಿಯ ದನಿಯಾಗಿತ್ತು. "ಹೌದ್ರಿ, ಅದು ನಮಗ ಗೊತ್ತು. ನೋಡಾವರಿಗಿ ಏನ ಗೊತ್ತಾಗಬೇಕು?" "ಬರೀರಿ. ಒಂದ ದಿನ ಅಂತ ಕೆಳಗ ಬರೀರಿ." "ಬರದ್ರ ಓದೂದಿಲ್ರಿ ಯಾರೂ. ಫೋಟೋ ನೋಡ್ತಾರ, ಹೋಗ್ತಾರ." ಅವನು ಅದನ್ನು ಕೆಡುಕಿನಿಂದ ಹೇಳಲಿಲ್ಲ. ನಲವತ್ತು ವರ್ಷದ ಕೆಲಸ ತಿಳಿದವನ ಮಾತು ಅದು. ತಾರವ್ವ ಒಂದು ಗಳಿಗೆಯಲ್ಲಿ ಮಾಡಿದ್ದನ್ನೇ ಉಮಾಶ್ರೀ ಮಾಡುತ್ತಾಳೆ, ರೇಷ್ಮಾ ಮಾಡುತ್ತಾಳೆ. ಅಂಗಿ ತೊಟ್ಟವನು ಒಬ್ಬ, ಗೋಣಿಚೀಲದವನು ಇನ್ನೊಬ್ಬ, ನಡುವೆ ರೋಗ. ಒಂಬತ್ತು ವರ್ಷ ಮಸೆದ ಚೂರಿಯನ್ನು ತಾನೇ ತಂದು ಅವನ ಕೈಗೆ ಕೊಟ್ಟಿದ್ದಳು. ಅವನು ಅದರಿಂದ ಹಣ್ಣು ಹೆಚ್ಚಲು ಹೊರಟಿದ್ದ.

"ಮಂದೀಗಿ ಹೆದರಿಕಿ ಬರಬೇಕಲ್ರೀ," ಎಂದು ಅವನು ಮುಂದುವರಿಸುತ್ತಿದ್ದ. "ಆ ಫೋಟೋ ನೋಡಿ ಎಷ್ಟ ಮಂದಿ ದಾರೀಗಿ ಬಂದಾರೋ ಏನೋ."

"ನಮ್ಮ ಮನೀ ದಾರೀಗಿ ಯಾರೂ ಬರಲಿಲ್ರಿ. ಹೆಣಾ ಹೊರಾಕ ನಾಕ ಮಂದಿ ಸಿಗಲಿಲ್ಲ. ಟ್ರ್ಯಾಕ್ಟರನ್ಯಾಗ ಒಯ್ದಿವಿ. ನೀವೂ ಬರಲಿಲ್ಲ."

ಬಾಗಿಲ ಗಾಜು ನಡುಗಿತು. ತಾರವ್ವ ಇನ್ನೂ ಹೋಗಿರಲಿಲ್ಲ. ಅವಳು ಗಂಡನನ್ನೂ ಅಕ್ಕಾರನ್ನೂ ನೋಡಿದಳು, ಬಾಯಿ ತುಸು ತೆರೆಯಿತು. ಶಿದ್ರಾಮಪ್ಪ ಕಂಪ್ಯೂಟರಿಗೆ ತಿರುಗಿ, ಆ ಎರಡನ್ನು ಮುಚ್ಚಲು ಹೋಗಿ ಅವಸರದಲ್ಲಿ ಏನೋ ಒತ್ತಿದ. ಮೊದಲ ಫೋಟೋ ಸರಿದು ಮುಂದಿನದು ಬಂತು. ಅವನು ತಕ್ಷಣ ಅದನ್ನೂ ದಾಟಿಸಿದ.

"ಹಿಂದ ತಗೋರಿ," ಎಂದಳು ಮಧುಮತಿ.

"ಅದು ಏನಿಲ್ರಿ. ಬೆಳಕ ನೋಡಾಕ ಒತ್ತಿದ್ದು."

"ಹಿಂದ ತಗೋರಿ."

ಅದರಲ್ಲಿ ಪರಮಾನಂದನ ಎಡ ಭುಜದ ಮೇಲೆ ಅಂಗಿ ಇನ್ನೂ ಇತ್ತು, ಇಸ್ತ್ರಿಯ ಗೆರೆ ಸಹಿತ. ಬಲಕ್ಕೆ ಅಂಗಿ ಜಾರಿ ಪಕ್ಕೆಲುಬು ಹೊರಗೆ ಬಂದಿತ್ತು. ಮಂಚದ ಮೇಲೆ ಒಗೆದ ಚಾದರ, ಅದರ ಮೇಲೆ ಅರ್ಧ ಹರವಿದ ಗೋಣಿಚೀಲ. ತಲೆದಿಂಬಿನ ಹತ್ತಿರ ಬಾಳೆಹಣ್ಣಿನ ತಟ್ಟೆ, ಇನ್ನೂ ಯಾರೂ ಅದನ್ನು ಫೋಟೋದಾಚೆ ಸರಿಸಿರಲಿಲ್ಲ. ಅಂಗಿಯ ಕೊನೆಯ ಗುಂಡಿಯ ಮೇಲೆ ಎರಡು ಕೈ. ಹಸಿರು ಬಳೆಗಳು. ಆ ಕೈಗಳ ಹಿಂದೆ ತಾನು. ಸೆರಗನ್ನು ಮೂಗು ಬಾಯಿಯ ಮೇಲಿಂದ ಸುತ್ತಿ, ಎರಡೂ ಕೈ ಖಾಲಿ ಇರಲೆಂದು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ತೋಳುಗಳನ್ನು ಉದ್ದಕ್ಕೆ ಚಾಚಿ, ಮೈಯನ್ನು ಹಿಂದಕ್ಕೆ ಇಟ್ಟು, ಬಿಸಿ ಪಾತ್ರೆ ಇಳಿಸುವವರ ಹಾಗೆ ನಿಂತಿದ್ದಳು. ಧಾರವಾಡದಲ್ಲಿ ಎಂ.ಎ. ಮಾಡಿದವಳು. ರೋಗ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂದು ಅತ್ತೆಗೆ ತಿಳಿಸಿ ಹೇಳಿದವಳು. ಆಗಲೇ ಅದು ತನ್ನ ಮೈಯಲ್ಲೂ ಇತ್ತು, ಅದೂ ಗೊತ್ತಿತ್ತು. ಮತ್ತೆ ಆ ಸೆರಗು ಯಾವುದಕ್ಕೆ? ಶಿದ್ರಾಮಪ್ಪನ ಮುಂದೆ, ಸಂಸ್ಥೆಯವನ ಮುಂದೆ, ನಾನು ಇವನಲ್ಲ ಎಂದು ತೋರಿಸಲಿಕ್ಕೆ. ಪರಮಾನಂದ ಕ್ಯಾಮರಾ ನೋಡುತ್ತಿರಲಿಲ್ಲ. ಹೆಂಡತಿಯ ಮುಖದಲ್ಲಿ ಕಾಣುತ್ತಿದ್ದಷ್ಟು ಭಾಗವನ್ನು ನೋಡುತ್ತಿದ್ದ. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಗುಂಡಿ ಬಿಚ್ಚಲು ಅನುಕೂಲವಾಗಲೆಂದು ತೋಳು ಎತ್ತಿ ಕೊಟ್ಟಿದ್ದ.

ಎಷ್ಟು ಹೊತ್ತು ನೋಡಿದಳೋ. ಮಗ್ಗಗಳು ನಿಂತು ಮತ್ತೆ ಶುರುವಾದವು. "ನಾ ಇದನ್ನ ಯಾರಿಗೂ ತೋರಿಸಿಲ್ರಿ," ಎಂದ ಶಿದ್ರಾಮಪ್ಪ, ಮೆತ್ತಗೆ. "ತಾಯಾಣಿ. ನೀವು ಇದರಾಗ ಅದೀರಿ ಅಂತ. ಹೆಣ್ಮಗಳು, ಮುಂದ ನಿಮ್ಮ ಜೀವನಾ ಇತ್ತು. ಅಳಿಸಿಬಿಡೂನು, ನಿಮ್ಮ ಮುಂದ ಅಳಸ್ತೇನಿ." ಅವನ ಬೆರಳು ಹೋಯಿತು. ಒಂದು ಕ್ಷಣ, ಬರೀ ಒಂದು ಕ್ಷಣ, ಅವಳು ಆ ಬೆರಳಿನ ಜೊತೆಗಿದ್ದಳು. ಅಳಿಸಿದರೆ ಅಂಗಿ ಇತ್ತು, ಅಂಗಿ ಇರಲಿಲ್ಲ. ನಡುವೆ ಏನೂ ಇಲ್ಲ. ಒಂಬತ್ತು ವರ್ಷದಿಂದ ಅವಳು ಬದುಕಿದ್ದೇ ಹಾಗೆ, ಶಿದ್ರಾಮಪ್ಪ ಬದುಕಿದ್ದೂ ಹಾಗೆ. ಆಗ ಅವಳಿಗೆ ಹೊಳೆಯಿತು. ಅವೆರಡು ಫೋಟೋದಲ್ಲಿ ಇರುವವನು ಒಬ್ಬನೇ ಎಂದು ಹೇಳುವುದು ಇದೊಂದೇ. ಇದಕ್ಕೆ ಕೆಳಗೆ ಬರೆಯುವುದೇ ಬೇಡ, ಓದದಿದ್ದರೂ ಕಾಣುತ್ತದೆ.

"ಅಳಸಬ್ಯಾಡ್ರಿ. ಅವೆರಡೂ ಬ್ಯಾಡ. ಇದೊಂದ ಹಾಕ್ರಿ."

"ಏನಂದ್ರಿ?"

"ಮೊದಲನೇ ಗ್ವಾಡೀಗಿ. ಇದೊಂದ. ಇಲ್ಲಾ ಅಂದ್ರ ಸಹಿ ಇಲ್ಲ."

ಅವನು ನಕ್ಕ, ನಗು ಅರ್ಧಕ್ಕೆ ನಿಂತಿತು. "ತಂಗೆವ್ವಾ, ನಿಮಗ ತಲಿ ಕೆಟ್ಟೈತೇನು? ಜಮಖಂಡಿಯಾಗ ಹಚ್ಚತಾರ ಇದನ್ನ. ನಿಮ್ಮ ಕಾಲೇಜಿನ ಹುಡುಗೂರು ಬರ್ತಾರ. ನೀವು ಯಾರು, ನಿಮಗ ಏನೈ..." ಹೆಂಡತಿ ನಿಂತಿರುವುದು ನೆನಪಾಗಿ ಮಾತು ನುಂಗಿದ. "ನಿಮ್ಮ ನೌಕರಿ?" ಗೊತ್ತು ಎಂದಳು. "ಮಂದಿ ನಿಮಗ ಏನಂತಾರ ಗೊತ್ತೈತೇನು? ಇಂಥಾ ಹೆಂಡತಿ ಅಂತಾರ." "ಅನಲಿ. ಖರೆ ಐತಿ." ಅವನು ಕುರ್ಚಿಯಲ್ಲಿ ಹಿಂದೆ ಸರಿದ. ಈಗ ಅವನ ಕಣ್ಣು ಫೋಟೋದಲ್ಲಿ ಅವಳನ್ನು ಬಿಟ್ಟು ಬೇರೆ ಕಡೆ ಹೋಯಿತು. ಗೋಣಿಚೀಲ. ಒಗೆದ ಚಾದರ. ಬಾಳೆಹಣ್ಣು. ಅದನ್ನು ಅವನು ನೋಡುತ್ತಿರುವುದನ್ನು ಅವಳು ನೋಡಿದಳು. ಮೈಯಲ್ಲಿ ಒಂದು ಸಣ್ಣ, ಸಿಹಿಯಾದ, ಹೊಲಸು ಸುಖ ಬೆಚ್ಚಗೆ ಹರಡಿತು. "ಇದನ್ನ ಹಾಕಿದ್ರ," ಎಂದ ನಿಧಾನಕ್ಕೆ, "ಆ ಫೋಟೋ ನಾ ಕಟ್ಟಿ ಮಾಡಿದ್ದು ಅಂತಾರ. ನಲವತ್ತ ವರ್ಷ ಈ ಕೆಲಸಾ ಮಾಡೇನ್ರಿ. ಸನ್ಮಾನದ ಕಾರ್ಡ್ ಹಂಚಿ ಆಗೇತಿ, ಬೀಗರಿಗೆಲ್ಲ ಹೇಳೇನಿ. ಸುಡಗಾಡ, ನನಗ ಈ ಪ್ರದರ್ಶನಾನ ಬ್ಯಾಡ ಅಂತೇನಿ."

"ನೀವು ಬ್ಯಾಡ ಅಂದ್ರ ಮತ್ತೂ ಛಲೋ. ಯಾಕ ಬ್ಯಾಡ ಅಂದ್ರು ಅಂತ ಕಾಂಚನಾ ಕೇಳತಾರ. ನಾ ಹೇಳ್ತೇನಿ."

ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಆ ಗಳಿಗೆಗೆ ಅವನು ಮುದುಕನಾಗಿದ್ದ, ಕಾಲಿನ ಬ್ಯಾಂಡೇಜು ಬಿಚ್ಚಿಕೊಂಡಿತ್ತು. ಕನಿಕರ ಬರುತ್ತದೇನೋ ಎಂದು ಮಧುಮತಿ ಒಳಗೆ ಹುಡುಕಿದಳು. ಇಲ್ಲ. ಅರ್ಜಿಯಲ್ಲಿ ಚಿತ್ರದ ಸಂಖ್ಯೆ ಎಂದಿದ್ದ ಕಡೆ ನಡುವಿನ ಫೋಟೋದ ಸಂಖ್ಯೆಯನ್ನು ಕಂಪ್ಯೂಟರು ನೋಡಿ ಬರೆದಳು. ಚಿತ್ರದಲ್ಲಿರುವವರು ಎಂಬ ಕಡೆ ಪರಮಾನಂದನ ಹೆಸರು, ಅದರ ಕೆಳಗೆ ತನ್ನ ಹೆಸರು, ಪೂರ್ತಿ. ಕಣ್ಣು ಮರೆಮಾಡಬೇಕೆ ಎಂಬ ಪ್ರಶ್ನೆಗೆ ಇಬ್ಬರದೂ ಬೇಡ ಎಂದು ಬರೆದಳು. ಸಹಿ ಮಾಡಿ, ಅರ್ಜಿಯನ್ನೂ ಪೆನ್ನನ್ನೂ ಅವನ ಮುಂದೆ ಸರಿಸಿದಳು. ಅವನು ಪೆನ್ನನ್ನು ಹಿಡಿದ, ಇಟ್ಟ. ಮತ್ತೆ ಹಿಡಿದ. ಎರಡು ತಾಲೂಕಿನ ಬೀಗರು, ಹಂಚಿದ ಕಾರ್ಡು, ಶಾಲು, ಎಲ್ಲವೂ ಅವನ ಮುಖದ ಮೇಲೆ ಬಂದು ಹೋದವು. ಕೊನೆಗೆ ಅವನು ಸಹಿ ಮಾಡಿದ. ಮಧುಮತಿ ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಗೆದ್ದೆ ಎನ್ನಿಸಲಿಲ್ಲ. ಹಸಿವಾಯಿತು.

ತಾರವ್ವ ಗೋಡೆಗೆ ಆತು ನಿಂತಿದ್ದಳು. ಫೋಟೋದಲ್ಲಿ ಸೆರಗಿನ ಮೇಲೆ ಕಾಣುತ್ತಿದ್ದ ಕಣ್ಣುಗಳನ್ನು ನೋಡಿದಳು, ಎದುರು ಕೂತಿದ್ದ ಅಕ್ಕಾರನ್ನು ನೋಡಿದಳು, ಇನ್ನೊಮ್ಮೆ ಫೋಟೋ ನೋಡಿದಳು. ಅವಳಿಗೆ ಎಲ್ಲ ತಿಳಿದದ್ದು ಮುಖದ ಮೇಲೆ ಕಾಣಿಸಿತು. ಅಲ್ಲಿಂದ ಅವಳ ನೋಟ ಇಳಿದು ಮೇಜಿನ ಮೇಲಿನ ಸ್ಟೀಲಿನ ಗ್ಲಾಸಿಗೆ ಬಂತು, ಅಲ್ಲೇ ನಿಂತಿತು. ತಳದಲ್ಲಿ ಒಂದು ಗುಟುಕು ಚಹಾ ಉಳಿದಿತ್ತು. ಮಧುಮತಿ ಅದನ್ನು ಎತ್ತಿ, ಅಂಚಿಗೆ ತುಟಿ ಪೂರಾ ಹಚ್ಚಿ, ನಿಧಾನವಾಗಿ ಕುಡಿದು ಮುಗಿಸಿದಳು.

"ಇನ್ನಷ್ಟ ಚಾ ಹಾಕ್ರಿ ವೈನಿ," ಎಂದಳು, ಗ್ಲಾಸನ್ನು ಅವಳ ಕಡೆ ಚಾಚಿ. "ಇದರಾಗ ಹಾಕ್ರಿ."

ತಾರವ್ವನ ಕೈ ಸೊಂಟದ ಸೆರಗಿನ ಮೇಲಿತ್ತು. ಅದು ಸೆರಗನ್ನು ಮೂಗಿಗೆ ಎತ್ತುತ್ತದೋ ಗ್ಲಾಸಿಗೆ ಮುಂದೆ ಬರುತ್ತದೋ ಅವಳಿಗೇ ತಿಳಿಯದ ಹಾಗೆ ಅಲ್ಲಿಯೇ ನಿಂತಿತ್ತು. ಮಧುಮತಿ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.